ಹಾಲಿನ ಜಿಡ್ಡು ಇಳಿಯಿತೇ? ಮೊದಲು ಮೇವು ನೋಡಿ

ಬೆಂಗಳೂರಿನ ಸುದ್ದಗುಂಟೆಪಾಳ್ಯದ ಪಕ್ಕದಲ್ಲೇ ಕೆಎಂಎಫ್ ಕೇಂದ್ರ ಕಚೇರಿ, ಬೆಂಗಳೂರು ಡೇರಿ ಇವೆ. ಹಾಲಿನ ಇಂಥ ದೊಡ್ಡ ನೆಲೆಯ ಸುತ್ತ ಇಂದಿಗೂ ಹಸು ಕಟ್ಟುವವರಿಗೆ ಮೇವಿನದೇ ಚಿಂತೆ. ರಾಗಿ ಹುಲ್ಲನ್ನು ದೂರದಿಂದ ತರಿಸಬೇಕು, ಹೋಟೆಲಿನ ಅನ್ನವಾದರೆ ಬಾಗಿಲಿಗೇ ಬರುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಹಸುವಿನ ಮೊದಲ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಮೇವನ್ನು ಹುದುಗಿಸಿ ಮುಖ್ಯವಾಗಿ ಮೂರು ಆಮ್ಲ ತಯಾರಿಸುತ್ತವೆ. ಹುಲ್ಲಿನಿಂದ ಹೆಚ್ಚಾಗಿ ಬರುವ ಅಸಿಟಿಕ್ ಆಮ್ಲ ಹಾಲಿನ ಜಿಡ್ಡಾಗುತ್ತದೆ. ಬ್ಯುಟಿರಿಕ್ ಆಮ್ಲವೂ ಅದಕ್ಕೆ ಕೈಜೋಡಿಸುತ್ತದೆ. ಕಾಳು, ಹಿಟ್ಟಿನಿಂದ ಹೆಚ್ಚುವ ಪ್ರೊಪಿಯೋನಿಕ್ ಆಮ್ಲ ಯಕೃತ್ತಿನಲ್ಲಿ ಗ್ಲೂಕೋಸ್ ಆಗಿ, ಕೆಚ್ಚಲಿನಲ್ಲಿ ಹಾಲಿನ ಸಕ್ಕರೆಯಾಗುತ್ತದೆ. ಹಾಲಿನ ಪ್ರಮಾಣ ನಿಂತಿರುವುದು ಈ ಸಕ್ಕರೆಯ ಮೇಲೆ. ಹುಲ್ಲೇ ಪ್ರಧಾನವಾದ ಮೇವಿನಲ್ಲಿ ಅಸಿಟಿಕ್ ಸುಮಾರು 65, ಪ್ರೊಪಿಯೋನಿಕ್ 20, ಬ್ಯುಟಿರಿಕ್ 15ರ ಪಾಲಿನಲ್ಲಿರುತ್ತವೆ.

ಬೆಳಿಗ್ಗೆ ಮೊದಲು ಹುಲ್ಲು ಹಾಕಿ, ಆಮೇಲೆ ಬೂಸಾ, ಹಿಂಡಿ. ಹುಲ್ಲನ್ನು ಒಂದೆರಡು ಅಂಗುಲಕ್ಕೆ ಕತ್ತರಿಸಿದರೆ ಸಾಕು, ಪುಡಿ ಮಾಡಬೇಡಿ. ನಾರು ಸಿಕ್ಕರೆ ಹಸು ಚೆನ್ನಾಗಿ ಮೆಲುಕು ಹಾಕುತ್ತದೆ. ಮೆಲುಕಿನಲ್ಲಿ ಸುರಿಯುವ ಜೊಲ್ಲಿನ ಸೋಡಾ ಅಂಶವೇ ಹೊಟ್ಟೆಯ ಹುಳಿಯನ್ನು ಹದದಲ್ಲಿಡುತ್ತದೆ. ದೊಡ್ಡ ಹಸುವಿನಲ್ಲಿ ದಿನಕ್ಕೆ 100 ಲೀಟರಿನಷ್ಟು ಜೊಲ್ಲು ಊರುತ್ತದೆ! ಬೇರೇನನ್ನು ಬಿಟ್ಟರೂ ಮೊದಲು ಹುಲ್ಲು, ಆಮೇಲೆ ಹಿಂಡಿ ಎಂಬ ಈ ಕ್ರಮ ಬಿಡಬೇಡಿ. ಹಿಂಡಿಯನ್ನು ಒಂದೇ ಸಲ ಸುರಿಯದೆ ಮೂರು ನಾಲ್ಕು ಹೊತ್ತಿಗೆ ಹಂಚಿ. ಹೊಸ ತಿಂಡಿಯನ್ನು ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸಿ, ಸೂಕ್ಷ್ಮಜೀವಿಗಳು ಹೊಂದಿಕೊಳ್ಳಲು ಅಷ್ಟು ಕಾಲ ಬೇಕು.

ಅನ್ನ, ಬ್ರೆಡ್ಡು, ಹಬ್ಬದ ಪೊಂಗಲ್ ಬಕೆಟ್ಟುಗಟ್ಟಲೆ ಕೊಡಲೇಬೇಡಿ. ಪಿಷ್ಟ ಬೇಗ ಹುದುಗಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ಮೊದಲು ಜಿಡ್ಡು ಇಳಿಯುತ್ತದೆ, ಆಮೇಲೆ ಹಸು ಮೇವು ಬಿಡುತ್ತದೆ, ಗೊರಸು ನೋಯುತ್ತದೆ. ಪ್ರೀತಿಯಿಂದ ಉಣಿಸಿದ್ದೇ ಪ್ರಾಣಕ್ಕೆ ಎರವಾದೀತು.

ಡೇರಿ ಚೀಟಿಯಲ್ಲಿ ಫ್ಯಾಟ್ ಕುಸಿದರೆ ಸಗಣಿ ನೋಡಿ: ನೊರೆ, ನೀರು, ಜೀರ್ಣವಾಗದ ಕಾಳು ಕಂಡರೆ ಹಿಂಡಿ ಕಡಿಮೆ ಮಾಡಿ, ಹುಲ್ಲು ಹೆಚ್ಚಿಸಿ. ಮಲಗಿರುವ ಹಸುಗಳಲ್ಲಿ ಅರ್ಧದಷ್ಟಾದರೂ ಮೆಲುಕು ಹಾಕುತ್ತಿರಬೇಕು. ಹಿಂಡಿ ಹೆಚ್ಚು ತಿನ್ನುವ ಹಸುವಿಗೆ ದಿನಕ್ಕೆ 100ರಿಂದ 150 ಗ್ರಾಂ ಅಡುಗೆ ಸೋಡಾವನ್ನು ಹಿಂಡಿಯಲ್ಲಿ ಬೆರೆಸಬಹುದು, ಪಶುವೈದ್ಯರನ್ನು ಕೇಳಿ ಕೊಡಿ. ಆಡುಗೋಡಿಯಲ್ಲಿ 1995ರಿಂದ ಇರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಸಂಶೋಧನೆ ನಡೆಸುವುದೂ ಇಂಥ ವಿಷಯಗಳ ಮೇಲೆಯೇ.

ಹಸು ಅನ್ನ ತಿಂದು ಮಂಕಾಗಿ ನಿಂತರೆ ಕೂಡಲೇ ವೈದ್ಯರನ್ನು ಕರೆಸಿ. ಅವರು ಬರುವವರೆಗೆ ಗೊಟ್ಟದಲ್ಲಿ ಬಲವಂತವಾಗಿ ಏನನ್ನೂ ಕುಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು.