ಮನಸ್ಸಿನ ನೋವಿಗೆ ದೇಹದಿಂದಲೂ ಒಂದು ದಾರಿ



ಆಪರೇಷನ್ ಎಂದ ಕೂಡಲೇ ಎದೆ ಡವಡವ ಎನ್ನುತ್ತದೆ. ನಾಲ್ಕು ರಾತ್ರಿ ನಿದ್ದೆಗೆಟ್ಟು ರೋಗಿಯ ಪಕ್ಕ ಕುಳಿತವರ ಕತ್ತು, ಭುಜ ಬಿಗಿದುಕೊಳ್ಳುತ್ತವೆ. "ನನಗೇನೂ ಇಲ್ಲ" ಎಂದು ಬಾಯಿ ಹೇಳಿದರೂ ದೇಹಕ್ಕೆ ಗೊತ್ತಿರುತ್ತದೆ. ಭಯ, ದುಃಖ ಬಂದಾಗ ಹೃದಯದ ಬಡಿತ ಹೆಚ್ಚುವುದು, ಉಸಿರು ಚಿಕ್ಕದಾಗುವುದು, ಸ್ನಾಯುಗಳು ಬಿಗಿಯುವುದು ದೇಹದ ಸ್ವಭಾವ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ದೇಹವನ್ನು ಸಡಿಲಿಸಿದರೆ ಮನಸ್ಸೂ ಹಗುರವಾಗುತ್ತದೆ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ಸ್ನಾಯು ಸಡಿಲಿಸುವ ವಿಧಾನದ ಬಗ್ಗೆ 1929ರಲ್ಲೇ ಪುಸ್ತಕ ಬರೆದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಔಷಧಿಯ ಜೊತೆಗೆ ಯೋಗವನ್ನೂ ಕಲಿಸುತ್ತಾರೆ. ಇಷ್ಟಲಿಂಗ ಪೂಜೆಗೆ ಬೆನ್ನು ನೇರ ಮಾಡಿ, ಅಂಗೈಯಲ್ಲಿ ದೃಷ್ಟಿ ನಿಲ್ಲಿಸಿ ಕೂರುವವರಿಗೆ ಉಸಿರು ತಾನಾಗಿ ನಿಧಾನವಾಗುವ ಅನುಭವ ಇದ್ದೇ ಇರುತ್ತದೆ. ಕೆಳಗಿನ ಅಭ್ಯಾಸವನ್ನು ಯಾವ ಧರ್ಮದವರೂ ಮಾಡಬಹುದು.

ಮಾಡುವ ಕ್ರಮ

1. ಕುಳಿತು ಎರಡೂ ಪಾದಗಳನ್ನು ನೆಲಕ್ಕೆ ಊರಿ. ಏಳಲಾಗದವರು ಮಲಗಿಯೇ ಮಾಡಿ.
2. ಮುಷ್ಟಿಯನ್ನು ಐದು ಎಣಿಸುವವರೆಗೆ ಬಿಗಿಹಿಡಿದು, ನಿಧಾನವಾಗಿ ಬಿಡಿ. ವ್ಯತ್ಯಾಸ ಗಮನಿಸಿ.
3. ಭುಜಗಳನ್ನು ಕಿವಿಯ ಕಡೆಗೆ ಎತ್ತಿ, ಕೆಳಗೆ ಬಿಡಿ.
4. ನಾಲ್ಕು ಎಣಿಸುತ್ತಾ ಉಸಿರೆಳೆದು, ಆರು ಎಣಿಸುತ್ತಾ ಬಿಡಿ. ಹೀಗೆ ಹತ್ತು ಸಲ. ಉಸಿರು ಕಟ್ಟಬೇಡಿ.

ಅಳು ಬಂದರೆ ತಡೆಯಬೇಡಿ. ಕಣ್ಣು ಮುಚ್ಚಿದಾಗ ಅಪಘಾತ, ಸಾವಿನಂಥ ಹಳೆಯ ನೆನಪು ಬಂದು ಹೆದರಿಕೆಯಾದರೆ ಕಣ್ಣು ತೆರೆದು, ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಿ.

ಎಚ್ಚರಿಕೆ

ಹೊಲಿಗೆ ಹಾಕಿದ ಭಾಗವನ್ನು ಬಿಗಿಮಾಡಬೇಡಿ. ಹೃದ್ರೋಗಿಗಳು, ಗರ್ಭಿಣಿಯರು ವೈದ್ಯರನ್ನು ಕೇಳಿ ಮಾಡಿ. ತಲೆ ಸುತ್ತಿದರೆ ನಿಲ್ಲಿಸಿ. ಎದೆನೋವು, ತಣ್ಣನೆ ಬೆವರು, ಉಸಿರಾಟಕ್ಕೆ ಕಷ್ಟ ಇದ್ದರೆ "ಟೆನ್ಷನ್ ಇರಬೇಕು" ಎಂದು ಸುಮ್ಮನಿರದೆ ಆ ಕ್ಷಣವೇ ದಾದಿಯರನ್ನು ಕರೆಯಿರಿ. ಬಿ.ಪಿ., ಸಕ್ಕರೆ ಕಾಯಿಲೆ ಮಾತ್ರೆಗಳನ್ನಾಗಲಿ, ಮನೋರೋಗದ ಮಾತ್ರೆಗಳನ್ನಾಗಲಿ ನೀವಾಗಿ ಬಿಡಬೇಡಿ. ಈ ಅಭ್ಯಾಸ ಔಷಧಿಗೆ ಬದಲಲ್ಲ.

ಮನೆಗೆ ಹೋದ ಮೇಲೆ

ದಿನಕ್ಕೆರಡು ಸಲ ಐದು ನಿಮಿಷ ಸಾಕು. ವೈದ್ಯರು ಒಪ್ಪಿದರೆ ಕುಣಿಗಲ್‌ನವರು ಕೆರೆಯ ಕಡೆಗೆ, ಹಳ್ಳಿಯವರು ತೋಟದ ಕಡೆಗೆ ನಡೆದು ಬನ್ನಿ. ಸಿಟ್ಟು ಬರುವ ಮೊದಲೇ ಹಲ್ಲು ಕಚ್ಚಿರುತ್ತೇವೆ. ಅದನ್ನು ಗುರುತಿಸಿ ಒಂದು ಉಸಿರು ಬಿಟ್ಟರೆ ಮಕ್ಕಳ ಮೇಲೆ ರೇಗುವುದು ಎಷ್ಟೋ ತಪ್ಪುತ್ತದೆ.

ಎರಡು ವಾರವಾದರೂ ನಿದ್ದೆ, ಊಟ ಸೇರದಿದ್ದರೆ ವೈದ್ಯರಿಗೆ ತಿಳಿಸಿ. ಬದುಕೇ ಬೇಡ ಎನಿಸಿದರೆ ಒಂದು ದಿನವೂ ಕಾಯಬೇಡಿ. ನಮಗೆ ಹೇಳಿ, ಇಲ್ಲವೇ 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.

ಅಭ್ಯಾಸದಲ್ಲಿ ಸಂದೇಹವಿದ್ದರೆ ವಾರ್ಡಿನ ದಾದಿಯರನ್ನು ಸಂಕೋಚಪಡದೆ ಕೇಳಿ. ಪಕ್ಕದಲ್ಲಿ ಕುಳಿತು ಹೇಳಿಕೊಡುತ್ತೇವೆ.