ಜೂಜಿನ ವಿಷಯದಲ್ಲಿ ಬಾಯಿಯೂ ಕೈಯೂ

ಜೂಜಾಟವು ಕೆಟ್ಟದ್ದೆಂದು ಒಪ್ಪದವರು ನಮ್ಮ ಹಳ್ಳಿಗಳಲ್ಲಿ ಅಪರೂಪ. ಹಾಗಾದರೆ ದೀಪಾವಳಿಯ ರಾತ್ರಿ ಇಸ್ಪೀಟಿಗೆ ಕೂತುಕೊಳ್ಳುವವರೂ ಕೋಳಿ ಅಂಕದಲ್ಲಿ ಹಣ ಕಟ್ಟುವವರೂ ಯಾರು? ಆ ಮಾತನ್ನು ಒಪ್ಪಿದವರಲ್ಲಿಯೇ ಹಲವರು.

ಬ್ರಿಟನ್ ದೇಶದಲ್ಲಿ ಇದನ್ನು ಎಣಿಸಿ ನೋಡಿದ್ದುಂಟು. 2007ರಲ್ಲಿ ಅಲ್ಲಿ ಸುಮಾರು 9,000 ಮಂದಿಯನ್ನು ವಿಚಾರಿಸಿದಾಗ, ಜೂಜಿನಿಂದ ಕುಟುಂಬಕ್ಕೂ ಸಮಾಜಕ್ಕೂ ಹಿತಕ್ಕಿಂತ ಕೇಡೇ ಹೆಚ್ಚೆಂಬ ಕಡೆಗೆ ಜನರ ಅಭಿಪ್ರಾಯವು ವಾಲಿತು. ಆದರೂ ಹಿಂದಿನ ಹನ್ನೆರಡು ತಿಂಗಳುಗಳಲ್ಲಿ ನೂರಕ್ಕೆ 68 ಮಂದಿ ಯಾವದಾದರೊಂದು ಜೂಜಿಗೆ ಹಣ ಹಾಕಿದ್ದರು. 57 ಮಂದಿ ರಾಷ್ಟ್ರೀಯ ಲಾಟರಿಯ ಚೀಟಿ ಕೊಂಡಿದ್ದರು. ಹೆಚ್ಚು ಬಗೆಯ ಜೂಜಾಡುವವರ ಅಭಿಪ್ರಾಯವು ಮಿಕ್ಕವರದಕ್ಕಿಂತ ಮೃದುವಾಗಿತ್ತು. ಅಭಿಪ್ರಾಯವು ಅವರನ್ನು ಆಟಕ್ಕೆ ನಡಿಸಿತೋ, ಆಟವೇ ಅಭಿಪ್ರಾಯವನ್ನು ಬಗ್ಗಿಸಿತೋ? ಒಂದೇ ಸಾರಿ ವಿಚಾರಿಸಿದ್ದರಿಂದ ಇದು ತಿಳಿಯುವದಿಲ್ಲ.

ಇದೆಲ್ಲಾ ಬರೇ ಕಪಟವೆಂದು ನಾವು ಎಣಿಸುವದಿಲ್ಲ. ಯಾಕಂದರೆ ಮನುಷ್ಯನು ನೆರೆಯವನ ಆಟವನ್ನು ಜೂಜೆಂದೂ ತನ್ನದನ್ನು ಹಬ್ಬದ ವಿನೋದವೆಂದೂ ಕರೆಯುತ್ತಾನೆ. ಫೋನಿನಲ್ಲಿ ಹಣ ಕಟ್ಟಿ ಆಡುವ ಆಟಗಳಿಗೆ ಕೌಶಲ್ಯವೆಂಬ ಹೆಸರು ಬಂದಾಗ ಎಷ್ಟೋ ಯೌವನಸ್ಥರ ಸಂಕೋಚವು ಬಿಟ್ಟುಹೋಯಿತು, ಕೂಲಿಯ ಹಣವೂ ಹೋಯಿತು. ಕೌಶಲ್ಯದ್ದಾಗಲಿ ಅದೃಷ್ಟದ್ದಾಗಲಿ ಅಂಥ ಆಟಗಳು ಕೂಡವೆಂದು ಭಾರತದ ಪಾರ್ಲಿಮೆಂಟು 2025ರಲ್ಲಿ ಕಾಯಿದೆ ಮಾಡಿತು.

ಆದದರಿಂದ ಮನೆಯಲ್ಲಿ ಮಕ್ಕಳನ್ನು, ಜೂಜು ತಪ್ಪೋ ಎಂದು ಕೇಳಿ ತೃಪ್ತರಾಗಬೇಡಿರಿ. ಹಬ್ಬದ ರಾತ್ರಿ ಭಾವನು ಎಲೆ ಹಂಚಿ, “ಹತ್ತೇ ರೂಪಾಯಿ, ಹಾಕು” ಅಂದರೆ ಏನನ್ನುವಿ ಎಂದು ಕೇಳಿರಿ.