ಯಂತ್ರದ ಬೇಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ - 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯ ಈ ತಾಲ್ಲೂಕುಗಳಿಗೆ ಬಯಲುಸೀಮೆಯ ಬಿಸಿಲು ಹೊಸದಲ್ಲ. ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಇಲ್ಲಿ ಅಪರೂಪವಲ್ಲ. ಬಿಸಿಲಿನ ಬೆನ್ನಿಗೇ ಧೂಳು. ಇಂತಹ ನಾಡಿನಲ್ಲಿಯೂ ಲ್ಯಾಪ್‌ಟಾಪ್ ಎಂಬ ಗಣಕಯಂತ್ರ ಇಂದು ಅನೇಕ ಮನೆಗಳನ್ನು ಹೊಕ್ಕಿದೆ. ಶೇಂಗಾ ಮಾರಿದ ಹಣದಲ್ಲಿ ಮಗಳ ಓದಿಗಾಗಿ ಕೊಂಡ ಯಂತ್ರವು ಮೂರು ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಕೆಂಡದಂತೆ ಕಾದು, ಪರೀಕ್ಷೆಯ ಹೊತ್ತಿಗೆ ತಾನಾಗಿ ಆರಿಹೋದರೆ ಆ ಮನೆಯವರ ಪಾಡೇನು? 'ಇದರ ಆಯುಷ್ಯ ಮುಗಿಯಿತು, ಹೊಸದು ಕೊಳ್ಳಿ' ಎನ್ನುವವರು ಬಹಳ. ಆದರೆ ಹಲವು ವೇಳೆ ಮುಗಿದಿರುವುದು ಯಂತ್ರದ ಆಯುಷ್ಯವಲ್ಲ; ಅದರೊಳಗಿನ ಒಂದು ಚಿಟಿಕೆ ಲೇಪದ ಆಯುಷ್ಯ.

ಗಣಕದ ಮಿದುಳೆನಿಸಿದ ಪ್ರೊಸೆಸರ್ ಸುಮಾರು ಹೆಬ್ಬೆರಳಿನ ಉಗುರಿನಷ್ಟು ಅಗಲದ ಸಿಲಿಕಾನ್ ಬಿಲ್ಲೆ. ಅದು ಬಳಸುವ ವಿದ್ಯುತ್ತೆಲ್ಲವೂ ಕಡೆಗೆ ಶಾಖವಾಗಿಯೇ ಪರಿಣಮಿಸುತ್ತದೆ. ಆ ಶಾಖವನ್ನು ತಾಮ್ರದ ಫಲಕವೊಂದು ಹೀರಿ, ಕೊಳವೆಯ ಮೂಲಕ ಅಂಚಿಗೆ ಸಾಗಿಸುತ್ತದೆ. ಅಲ್ಲಿ ಪುಟ್ಟ ಫ್ಯಾನ್ ಅದನ್ನು ಹೊರಕ್ಕೆ ಊದುತ್ತದೆ. ಈ ದಾರಿ ಕಟ್ಟಿ ಉಷ್ಣತೆ 100 ಡಿಗ್ರಿಯನ್ನು ಸಮೀಪಿಸಿತೆಂದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಗಲೂ ತಣಿಯದಿದ್ದರೆ ಯಂತ್ರ ನಿಂತುಬಿಡುತ್ತದೆ. ಅದು ಯಂತ್ರದ ಮೊಂಡುತನವಲ್ಲ, ಆತ್ಮರಕ್ಷಣೆ.

ಬಿಲ್ಲೆಯೂ ಫಲಕವೂ ಕಣ್ಣಿಗೆ ನುಣುಪಾಗಿ ಕಂಡರೂ ಅವುಗಳ ಮೈಯಲ್ಲಿ ಸೂಕ್ಷ್ಮವಾದ ಹಳ್ಳದಿಣ್ಣೆಗಳಿವೆ. ಅಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಜೋಳದ ರೊಟ್ಟಿ ಎಲ್ಲಿ ಉಬ್ಬಿ ಹಂಚನ್ನು ಬಿಡುವುದೋ ಅಲ್ಲಿ ಸರಿಯಾಗಿ ಬೇಯದು. ಅದಕ್ಕಾಗಿಯೇ ನಮ್ಮ ತಾಯಂದಿರು ಅರಿವೆಯಿಂದ ಅದನ್ನು ಒತ್ತುವರು. ಗಾಳಿಗೆ ಶಾಖವನ್ನು ಸಾಗಿಸುವ ಶಕ್ತಿ ಅಷ್ಟು ಕಡಿಮೆ. ತಾಮ್ರವು ಅದಕ್ಕಿಂತ ಸುಮಾರು 15,000 ಪಟ್ಟು ಸಮರ್ಥವಾದ ಶಾಖವಾಹಕ. ನಡುವಣ ಸಂದನ್ನು ತುಂಬಲು ಹಚ್ಚುವ ವಸ್ತುವೇ ಥರ್ಮಲ್ ಪೇಸ್ಟ್. ಸಾಮಾನ್ಯವಾಗಿ ಇದು ಸಿಲಿಕೋನ್ ಎಣ್ಣೆಯಲ್ಲಿ ಸತುವಿನ ಅಥವಾ ಅಲ್ಯೂಮಿನಿಯಮ್ಮಿನ ಆಕ್ಸೈಡಿನ ನುಣ್ಣನೆಯ ಪುಡಿಯನ್ನು ಕಲೆಸಿದ ಲೇಪ. ತಾಮ್ರಕ್ಕೆ ಇದು ಎಣೆಯಲ್ಲ. ಆದರೆ ಒಳ್ಳೆಯ ಲೇಪವು ಗಾಳಿಗಿಂತ ನೂರು ಪಟ್ಟಿಗೂ ಮೇಲು.

ವರ್ಷಗಟ್ಟಲೆ ಕಾದು ತಣಿದು ಈ ಲೇಪ ಒಣಗಿ ಬಿರಿಯುತ್ತದೆ. ಬಂಡಿಯ ಅಚ್ಚಿನ ಹಳೆಯ ಕೀಲೆಣ್ಣೆಯನ್ನು ಒರೆಸಿ ಹೊಸದನ್ನು ಹಾಕುವಂತೆ ಇದನ್ನೂ ಬದಲಿಸಬೇಕು. ಈ ಕೆಲಸ ಬಲ್ಲ ತರುಣರು ಸಣ್ಣ ಪೇಟೆಗಳ ಅಂಗಡಿಗಳಲ್ಲಿಯೂ ಇರುತ್ತಾರೆ. ಅವರನ್ನು 'ಬರಿಯ ಮೆಕ್ಯಾನಿಕ್' ಎಂದು ಹಗುರವಾಗಿ ಕಾಣುವುದು ನನಗೆ ಸರಿತೋರದು. ಅವರ ಬೆರಳುಗಳಲ್ಲಿ ಅಕ್ಕಸಾಲಿಗನ ನಿಧಾನವಿರಬೇಕಾಗುತ್ತದೆ.

ಮೊದಲು ಯಂತ್ರವನ್ನು ಆರಿಸಿ, ಹಿಂಬದಿಯ ಮುಚ್ಚಳ ತೆಗೆದು, ಬ್ಯಾಟರಿಯ ಸಂಪರ್ಕವನ್ನು ಬಿಡಿಸಬೇಕು. ಬಳಿಕ ಫ್ಯಾನಿನ ರೆಕ್ಕೆಗಳನ್ನು ತಿರುಗದಂತೆ ಹಿಡಿದು ಮೆತ್ತನೆಯ ಕುಂಚದಿಂದ ಧೂಳನ್ನು ತೆಗೆಯಬೇಕು. ಕೆಲವು ವೇಳೆ ಇಷ್ಟರಿಂದಲೇ ಬೇಗೆ ಇಳಿಯುವುದುಂಟು. ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ ಫಲಕವನ್ನೆತ್ತಿ, ಒಣಗಿದ ಲೇಪವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಚಾಕುವಿನಿಂದ ಕೆರೆದರೆ ಬಿಲ್ಲೆಗೆ ಗಾಯವಾದೀತು. ಹೊಸ ಲೇಪ ತೆಳುವಾಗಿ ಬಿಲ್ಲೆಯನ್ನೆಲ್ಲ ಮುಚ್ಚಿದರೆ ಸಾಕು. ಹೆಚ್ಚು ಹಚ್ಚಿದಷ್ಟೂ ಹೆಚ್ಚು ತಂಪೆಂಬುದು ಭ್ರಮೆ. ದಪ್ಪ ಪದರ ತಾನೇ ಶಾಖಕ್ಕೆ ಅಡ್ಡಗೋಡೆಯಾಗುತ್ತದೆ. ಪಕ್ಕದ ಬಿಲ್ಲೆಗಳ ಮೇಲೆ ಮೆತ್ತನೆಯ ದಪ್ಪ ಪಟ್ಟಿಗಳಿದ್ದರೆ ಅವನ್ನು ಹಾಗೆಯೇ ಉಳಿಸಬೇಕು, ಆ ಅಗಲವಾದ ಸಂದನ್ನು ಲೇಪ ತುಂಬಲಾರದು. ತಿರುಪುಗಳನ್ನು ಮತ್ತೆ ಎದುರುಬದುರಾಗಿಯೇ ಬಿಗಿಯಬೇಕು.

ಆ ಮೇಲೂ ಯಂತ್ರ ಕಾಯುತ್ತಿದ್ದರೆ ಫ್ಯಾನ್ ತಿರುಗುತ್ತಿದೆಯೇ ಎಂದು ನೋಡಬೇಕು. ಅದೂ ಸರಿಯಿದ್ದರೆ, ಯಂತ್ರವನ್ನು ಇಟ್ಟ ಜಾಗವನ್ನು ನೋಡಬೇಕು. ಹಾಸಿಗೆಯ ಮೇಲೆ ಇಟ್ಟ ಲ್ಯಾಪ್‌ಟಾಪಿನ ಕೆಳಗಂಡಿಗಳನ್ನು ಹತ್ತಿಯೇ ಮುಚ್ಚಿರುತ್ತದೆ. ಒಂದು ಮಣೆ ಕೊಟ್ಟರೆ ಅದಕ್ಕೆ ಉಸಿರು ಬರುತ್ತದೆ.